ಏರು ಸ್ವಿಚ್ಚು

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸೆಕೆಂಡ್ ಗೇರಣ್ಣ ಅಂತಲೇ. ಪೇಟೆಯಿಂದ ಗುಡ್ಡದ ಮೇಲಿನ ಎದೆರೋಗದ ಆಸ್ಪತ್ರೆಯವರೆಗಿನ ಏರನ್ನು ಅವನ ಹಳೇ ಡೀಸೆಲ್ ಕಾರು ಹತ್ತುತ್ತಿದ್ದದ್ದು ಸೆಕೆಂಡ್ ಗೇರಿನಲ್ಲಿ, ಅದೂ ಏದುಸಿರು ಬಿಡುತ್ತ. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ಹೊಡೆದು ತಾವೇ ಸುಸ್ತಾಗಿ ಸುಮ್ಮನಾಗುತ್ತಿದ್ದವು. ಇವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಆತುರ ಇದ್ದೋರು ನಿನ್ನೆನೇ ಹೊರಡ್ಬೇಕಿತ್ತು" ಎಂದು ಕನ್ನಡಿಯಲ್ಲಿ ನೋಡಿ ಹೇಳುತ್ತಿದ್ದ. ಹಿಂದಿನ ಸೀಟಿನವರು ನಗುತ್ತಿದ್ದರು.

ಆ ಏರಿನಲ್ಲಿ ಓಡುವ ಟ್ಯಾಕ್ಸಿಗಳಿಗೆಲ್ಲ ಕಂಪನಿಯವರು ಕೊಡದ ಒಂದು ದಪ್ಪ ಸ್ವಿಚ್ಚು ಇರುತ್ತಿತ್ತು. ಗೇರ್ ಹಿಡಿಯುವ ಕೈಗೆ ಥಟ್ಟನೆ ಸಿಗುವ ಜಾಗದಲ್ಲಿ. ಏರು ಸ್ವಿಚ್ಚು ಅಂತಲೇ ಅದರ ಹೆಸರು. ಕೆಳಗೆ ಒತ್ತಿದರೆ ಎಸಿ, ಚಾರ್ಜರು, ಹಾಡು, ಇಂಜಿನ್ನಿನ ಶಕ್ತಿಯಲ್ಲಿ ಪಾಲು ಕೇಳುವ ಎಲ್ಲವೂ ಒಂದೇ ಏಟಿಗೆ ಬಂದ್. ಒಂದೊಂದೇ ಗುಂಡಿ ಹುಡುಕಿ ಆರಿಸುತ್ತ ಕೂತರೆ ಅಷ್ಟರಲ್ಲಿ ಮುಂದಿನ ತಿರುವು ಬಂದುಬಿಡುತ್ತದಲ್ಲ, ಅದಕ್ಕೆ. ಅರ್ಧ ದಾರಿಯಲ್ಲಿ ಒಂದು ಕಲ್ಲಿನ ನೀರುತೊಟ್ಟಿ ಇದೆ. ಹಿಂದೆಲ್ಲ ಕಾದ ಇಂಜಿನ್ನಿಗೆ ಅಲ್ಲಿಂದಲೇ ನೀರು ಹೊಯ್ದುಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಏರು ಗೋಡೆ ಹತ್ತಿದ ಹಾಗೆ. ತೊಟ್ಟಿ ತಿರುವಿನಲ್ಲಿ ಸ್ವಿಚ್ಚು ಕೆಳಗೆ, ಆಸ್ಪತ್ರೆಯ ಗೇಟಿನ ಹತ್ತಿರ ಮತ್ತೆ ಮೇಲೆ. ಸೆಕೆಂಡ್ ಗೇರಣ್ಣನ ಎಡಗೈ ಈ ಕೆಲಸವನ್ನು ಅವನನ್ನು ಕೇಳದೆಯೇ ಮಾಡಿ ಮುಗಿಸುತ್ತಿತ್ತು. "ಎಸಿ ಯಾಕಣ್ಣ ಹೋಯ್ತು?" ಎಂದು ಯಾರಾದರೂ ಕೇಳಿದಾಗಲೇ ಅವನಿಗೆ ತಾನು ಒತ್ತಿದ್ದು ಗೊತ್ತಾಗುತ್ತಿದ್ದದ್ದು.

ಅವನ ಹೆಂಡತಿ ಬಹಳ ವರ್ಷ ಹಾಸಿಗೆ ಕಾರ್ಖಾನೆಯಲ್ಲಿ ಹತ್ತಿ ತುಂಬಿದವಳು. ಆ ಧೂಳಷ್ಟೂ ಅವಳ ಎದೆಯಲ್ಲಿ ಮನೆ ಮಾಡಿತು. ಮೊದಲು ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ದಮ್ಮು, ಆಮೇಲೆ ಮಂಚದಿಂದ ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಪ್ರಯಾಣ. ಈಗ ಮೂಗಿಗೆ ನಳಿಕೆ, ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಆಮ್ಲಜನಕದ ಮೆಷಿನ್ನು. ಕರೆಂಟು ಹೋದರೆ ಅದು ಕಿರ್ರೆಂದು ಕೂಗಿಕೊಳ್ಳುತ್ತಿತ್ತು. ಆ ಕೂಗಿಗೇ ಅವಳ ಜೀವ ಬಾಯಿಗೆ ಬರುತ್ತಿತ್ತು. "ಕರೆಂಟು ಹೋದ್ರೆ ಎಲ್ಲರಿಗಿಂತ ಮೊದ್ಲು ನನಗೇ ಗೊತ್ತಾಗತ್ತೆ, ಇದರ ಬಾಯಿ ಮುಚ್ಚಿಸೋ ಮಾರಾಯ" ಎಂದು ತಮ್ಮನಿಗೆ ಹೇಳಿ ಆ ಕೂಗುವ ಭಾಗವನ್ನೇ ಕೀಳಿಸಿದ್ದಳು.

ಈ ತಮ್ಮ ಸ್ಟ್ಯಾಂಡಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಏರು ಸ್ವಿಚ್ಚುಗಳನ್ನೆಲ್ಲ ಕೂರಿಸಿದವನೂ ಅವನೇ. ಅಕ್ಕ ಅಂದರೆ ಅವನಿಗೆ ಪ್ರಾಣ. ಭಾವನ ಮೇಲೂ ಪ್ರೀತಿ ಇತ್ತು, ಆದರೆ ಅದನ್ನು ಬೈಗುಳದಲ್ಲೇ ತೋರಿಸುತ್ತಿದ್ದ.

ಹೆಂಡತಿಯ ಮಾತು ಕಮ್ಮಿಯಾಗಿತ್ತು. ಮಾತಿಗೂ ಉಸಿರು ಬೇಕಲ್ಲ. ಗಾಡಿಯಲ್ಲಿ ಅವಳು ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಕೂರುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವನ ಬೈಕಿನ ಹಿಂದೆ ಕೂತಾಗ, ವೇಗ ಜಾಸ್ತಿಯಾದರೆ ಅವನ ಬೆನ್ನಿಗೆ ಮೆಲ್ಲಗೆ ತಟ್ಟುತ್ತಿದ್ದಳು, ನಿಧಾನ ಅಂತ. ಕಾರು ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಅವನ ಸೀಟಿನ ಬೆನ್ನಿಗೆ ತಟ್ಟುವಳು, ಅವನು ಆಕ್ಸಿಲರೇಟರಿನಿಂದ ಕಾಲು ಸಡಿಲಿಸುವನು. ಅವರಿಬ್ಬರ ಸಂಸಾರದಲ್ಲಿ ಅರ್ಧ ಜಗಳ ಹೀಗೆ ಬಾಯಿಯಿಲ್ಲದೆಯೇ ಮುಗಿದುಹೋಗುತ್ತಿತ್ತು.

ವಾರಕ್ಕೆರಡು ಸಲ ಅವಳನ್ನು ಗುಡ್ಡದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ದಾರಿಗೆಂದು ಒಂದು ಸಣ್ಣ ಸಿಲಿಂಡರ್ ಇಟ್ಟುಕೊಳ್ಳುತ್ತಿದ್ದರು. ತೊಟ್ಟಿ ತಿರುವು ದಾಟಿದ ಮೇಲೆ ಎಸಿ ಇಲ್ಲ. ಕಿಟಕಿ ಮುಚ್ಚಿದರೆ ಶೆಕೆ, ತೆಗೆದರೆ ಲಾರಿಗಳ ಹೊಗೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಕೂತಿರುತ್ತಿದ್ದಳು. ಅವನು ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಲಾರದೆ ಕಣ್ಣು ತೆಗೆಯುತ್ತಿದ್ದ, ಮತ್ತೆ ನೋಡುತ್ತಿದ್ದ. ಇಷ್ಟು ವರ್ಷ ಸಾಕಿದ ಗಾಡಿಯ ಮೇಲೆ ಅವನಿಗೆ ಸಿಟ್ಟು ಬಂದದ್ದು ಅದೇ ಮೊದಲು.

ಒಂದು ದಿನ ಮುಂದಿನ ಲಾರಿ ಅಡ್ಡ ನಿಂತು ದಾರಿ ಕಟ್ಟಿಹೋಯಿತು. ನಿಂತಲ್ಲೇ ಸಿಲಿಂಡರ್ ಖಾಲಿಯಾಗುತ್ತ ಬಂತು. ಅದರ ಮೀಟರಿನ ಮುಳ್ಳು ಕೆಳಗಿಳಿಯುವುದನ್ನು ಇಬ್ಬರೂ ನೋಡುತ್ತ ಕೂತರು. ಕೊನೆಗೆ ಎದುರಿನಿಂದ ಇಳಿದು ಬರುತ್ತಿದ್ದ ಆಂಬ್ಯುಲೆನ್ಸಿನವರು ದೊಡ್ಡ ಮನಸ್ಸು ಮಾಡಿ ತಮ್ಮ ಸಿಲಿಂಡರ್ ಕೊಟ್ಟರು, ಅವಳು ಉಳಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನನ್ನು ತರಾಟೆಗೆ ತೆಗೆದುಕೊಂಡರು. "ಇನ್ಮೇಲೆ ಈ ಪುಟಾಣಿ ಸಿಲಿಂಡರ್ ನಂಬ್ಕೊಂಡು ಬರ್ಬೇಡಿ. ಮನೆಯ ಮೆಷಿನ್ನೇ ಗಾಡೀಲಿ ಇಟ್ಕೊಂಡು ಬನ್ನಿ. ಕಿಟಕಿ ಮುಚ್ಚಿರ್ಲಿ, ಒಳಗೆ ತಣ್ಣಗಿರ್ಲಿ. ಆಗತ್ತೋ ಇಲ್ವೋ?"

"ಆಗತ್ತೆ ಮೇಡಂ" ಎಂದ. ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಆದರೂ ನೋಡಿಯೇ ಬಿಡೋಣವೆಂದು ಒಂದು ದಿನ ಭಾವಮೈದನನ್ನು ಕೂರಿಸಿಕೊಂಡು, ಎಸಿಯನ್ನೂ, ಎರವಲು ತಂದ ಇನ್ವರ್ಟರಿಗೆ ಸಿಕ್ಕಿಸಿದ ಮೆಷಿನ್ನನ್ನೂ ಒಟ್ಟಿಗೆ ಹಾಕಿ ಹೊರಟ. ತೊಟ್ಟಿ ತಿರುವಿನಲ್ಲಿ ಗಾಡಿ ಕೆಮ್ಮಿತು, ನಡುಗಿತು, ಆಫ್ ಆಯಿತು. ಒಂದಿಷ್ಟು ಹಿಂದಕ್ಕೂ ಜಾರಿತು. ಹಿಂದಿನ ಬಸ್ಸಿನವನು ಇಳಿದು ಬಂದು ಅವರ ಮನೆತನದ ಬಗ್ಗೆ ತನಗಿದ್ದ ಅಭಿಪ್ರಾಯವನ್ನೆಲ್ಲ ಹೇಳಿ ಹೋದ.

"ನಮ್ಮ ಸ್ಟ್ಯಾಂಡಲ್ಲೇ ಹೊಸ ಗಾಡಿ ಎಷ್ಟಿಲ್ಲ ಭಾವ?" ಎಂದ ಭಾವಮೈದ. "ವಾರಕ್ಕೆರಡು ಸಲ ಅವರದ್ರಲ್ಲಿ ಕಳ್ಸಿ. ಯಾರೂ ಬೇಡ ಅನ್ನಲ್ಲ."

"ನಾನು ಡ್ರೈವರ್ ಆಗಿದ್ಕೊಂಡು ಹೆಂಡ್ತೀನ ಇನ್ನೊಬ್ಬನ ಗಾಡೀಲಿ ಕಳಿಸ್ಲಾ?"

"ಕಳಿಸಿದ್ರೆ ಏನು ಕಿರೀಟ ಬಿದ್ದೋಗತ್ತೆ?"

ಅವನು ಗಾಡಿ ಮತ್ತೆ ಸ್ಟಾರ್ಟ್ ಮಾಡಿದ. ಹೌದು, ಬೀಳುತ್ತಿತ್ತು. ಊರವರನ್ನೆಲ್ಲ ಆ ಆಸ್ಪತ್ರೆಗೆ ಮುಟ್ಟಿಸಿದ ಮನುಷ್ಯ, ತನ್ನವಳನ್ನು ಮುಟ್ಟಿಸಲಾರದೆ ಸ್ಟ್ಯಾಂಡಿನಲ್ಲಿ ಕೈಕಟ್ಟಿ ನಿಲ್ಲುವುದು ಅವನಿಂದ ಆಗದ ಮಾತು. ಅದನ್ನು ಹಟ ಅಂತೀರೋ ಪ್ರೀತಿ ಅಂತೀರೋ ನಿಮಗೆ ಬಿಟ್ಟದ್ದು. ಎರಡೂ ಒಂದೇ ಪಾತ್ರೆಯಲ್ಲಿ ಕಲಸಿಹೋಗಿದ್ದವು.

ರೀಮ್ಯಾಪ್ ಎಂಬ ಮಾತು ಕಿವಿಗೆ ಬಿದ್ದದ್ದು ಆಗ. ಪೇಟೆಯ ಟೈರ್ ಅಂಗಡಿಯ ಹಿಂದೆ ಒಬ್ಬ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಸ್ಪ್ಯಾನರ್ ಮುಟ್ಟುವುದಿಲ್ಲ, ಕೈಗೆ ಎಣ್ಣೆ ಹತ್ತುವುದಿಲ್ಲ. ಸ್ಟೇರಿಂಗ್ ಕೆಳಗೆ ಒಂದು ವೈರು ಸಿಕ್ಕಿಸಿ, ಇಂಜಿನ್ನಿನ ಕಂಪ್ಯೂಟರಿನಲ್ಲಿದ್ದ ಹಳೇ ಲೆಕ್ಕ ತೆಗೆದು ಹೊಸ ಲೆಕ್ಕ ತುಂಬಿಸುವುದು. ಡೀಸೆಲ್ ಎಷ್ಟು ಚಿಮ್ಮಬೇಕು, ಟರ್ಬೊ ಎಷ್ಟು ಗಾಳಿ ತಳ್ಳಬೇಕು, ಎಲ್ಲ ಬದಲು. "ಕಂಪನಿಯವ್ರು ಇಂಜಿನ್ನಿನ ಕೈಯನ್ನ ಹಿಂದಕ್ಕೆ ಕಟ್ಟಿ ಕೊಟ್ಟಿರ್ತಾರೆ ಅಣ್ಣ. ನಾನು ಗಂಟು ಬಿಚ್ತೀನಿ ಅಷ್ಟೇ" ಎಂದ ಅವನು. ಬೇರೆಯವರ ಗಾಡಿಯಲ್ಲಿ ಒಂದು ಸುತ್ತು ಹೊಡೆಸಿದ. ಸೆಕೆಂಡ್ ಗೇರಣ್ಣನ ಬೆನ್ನು ಸೀಟಿಗೆ ಅಂಟಿಕೊಂಡಿತು.

ಭಾವಮೈದ ಮಾತ್ರ ಕೆಂಡವಾದ. "ಮುದಿ ಇಂಜಿನ್ನಿಗೆ ಹುಚ್ಚು ಹಿಡಿಸ್ತೀರಾ? ಆ ಟರ್ಬೊ ಎಷ್ಟು ವರ್ಷದ್ದು? ಕ್ಲಚ್ಚು ತಡ್ಕೊಳತ್ತಾ? ಅರ್ಧ ಏರಲ್ಲಿ ಏನಾದ್ರೂ ಕಿತ್ಕೊಂಡ್ರೆ ಅಕ್ಕನ್ನ ಹೆಗಲ ಮೇಲೆ ಹೊತ್ಕೊಂಡು ಓಡ್ತೀರಾ? ಆ ಲ್ಯಾಪ್‌ಟಾಪಿನವನು ಬರ್ತಾನಾ ಹೊರೋಕೆ?"

ಇವನಿಗೂ ಹೆದರಿಕೆ ಇಲ್ಲದೆ ಇರಲಿಲ್ಲ. ದಿನಗಟ್ಟಲೆ ತಲೆ ಕೆಡಿಸಿಕೊಂಡ. ಬಾನೆಟ್ ಎತ್ತಿ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ. ಟರ್ಬೊ ಬಿಚ್ಚಿಸಿ ನೋಡಿದ, ಪರವಾಗಿಲ್ಲ ಅಂದರು. ಕ್ಲಚ್ಚು ಹೊಸದು ಹಾಕಿಸಿದ. ಸ್ಟ್ಯಾಂಡಿನಲ್ಲಿ ಒಬ್ಬ ಮಾಡಿಸಿ ಅಂದರೆ ಇನ್ನೊಬ್ಬ ಬೇಡ ಅನ್ನುತ್ತಿದ್ದ. ಎಲ್ಲರ ಕಣ್ಣೂ ಇಂಜಿನ್ನಿನ ಮೇಲೆ. ಕೆಡುವುದಿದ್ದರೆ ಅಲ್ಲೇ ಕೆಡಬೇಕು ಅಂತ ಒಬ್ಬೊಬ್ಬರೂ ನಂಬಿಬಿಟ್ಟಿದ್ದರು.

ಕೊನೆಗೆ ಹೆಂಡತಿಯನ್ನೇ ಕೇಳಿದ. ಅವಳು ಮಂಚದಲ್ಲಿ ಒರಗಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಕೂತು ಮಾಡುವ ಕೆಲಸ ಯಾವುದನ್ನೂ ಅವಳು ಬಿಟ್ಟುಕೊಟ್ಟಿರಲಿಲ್ಲ.

"ಅದಕ್ಕೂ ಗಾಳಿ ಸಾಲ್ತಿಲ್ವಂತಾ?" ಎಂದಳು.

"ಹೂಂ. ಜಾಸ್ತಿ ಗಾಳಿ ತುಂಬಿಸ್ತಾರಂತೆ."

"ಹಾಗಿದ್ರೆ ತುಂಬಿಸ್ರೀ. ಅದಕ್ಕೊಂದು ನಳಿಕೆ, ನನಗೊಂದು ನಳಿಕೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಆ ಶೆಕೆ ಮಾತ್ರ ನನ್ನ ಕೈಲಾಗ್ತಿಲ್ಲ ಕಣ್ರೀ. ಆಸ್ಪತ್ರೆನೇ ಬೇಡ ಅನ್ಸಿಬಿಡತ್ತೆ."

ಯಾವತ್ತೂ ತನಗೆ ಇಂಥದ್ದು ಆಗುತ್ತಿಲ್ಲ ಎಂದು ಬಾಯಿಬಿಟ್ಟವಳಲ್ಲ ಅವಳು. ಮಾರನೇ ಬೆಳಗ್ಗೆಯೇ ಅವನು ಟೈರ್ ಅಂಗಡಿಯ ಹಿಂದೆ ಗಾಡಿ ನಿಲ್ಲಿಸಿದ.

ಕೆಲಸ ಮುಗಿಸಿ, ಒಬ್ಬನೇ ಏರು ಹತ್ತಿ ನೋಡಿದ. ಎಸಿ ಹಾಕಿಕೊಂಡೇ. ತೊಟ್ಟಿ ತಿರುವಿನಲ್ಲಿ ಗಾಡಿ ಥರ್ಡ್ ಗೇರಿನಲ್ಲಿ ನುಗ್ಗಿತು. ಅವನು ಒಬ್ಬನೇ ಗಾಡಿಯಲ್ಲಿ ಕೂತು ಜೋರಾಗಿ ನಕ್ಕ. ಮೇಲೆ ಹೋಗಿ ಬಾನೆಟ್ ಎತ್ತಿದರೆ ಎಲ್ಲ ನೆಟ್ಟಗೆ, ತಣ್ಣಗೆ. ಸ್ಟ್ಯಾಂಡಿನವರು ಇನ್ನು ಇವನಿಗೆ ಬೇರೆ ಹೆಸರು ಹುಡುಕಬೇಕಲ್ಲಪ್ಪ ಎಂದು ಕಾಲೆಳೆದರು.

ಭಾವಮೈದನೂ ಸೋತು ಹಾದಿಗೆ ಬಂದ. ಮೆಷಿನ್ನು ಓಡಿಸಲು ಹಿಂದಿನ ಸೀಟಿನ ಕೆಳಗೆ ಕಾಯಂ ಆಗಿ ಒಂದು ಇನ್ವರ್ಟರ್ ಕೂರಿಸಬೇಕಿತ್ತು. ಅದಕ್ಕೆ ಬ್ಯಾಟರಿಯಿಂದ ದಪ್ಪ ವೈರು ಬೇಕು. ಡ್ಯಾಶಿನ ಕೆಳಗೆ ಬಗ್ಗಿ ಕೂತವನು ತಲೆ ಎತ್ತಿ ಕೇಳಿದ, "ಭಾವ, ಇನ್ನು ಏರು ಸ್ವಿಚ್ಚಿನ ಕೆಲಸ ಇಲ್ವಲ್ಲ? ಅದಕ್ಕೆ ಒಳ್ಳೇ ದಪ್ಪ ಲೈನು ಬಂದಿದೆ, ಫ್ಯೂಸೂ ಇದೆ. ಇನ್ವರ್ಟರಿಗೂ ಅಲ್ಲಿಂದಲೇ ಕೊಟ್ಬಿಡ್ಲಾ? ಹೊಸದಾಗಿ ಕೊರಿಯೋದು ತಪ್ಪತ್ತೆ."

"ಕೊಡು" ಎಂದ ಇವನು. "ಇನ್ನು ಅದನ್ನ ಮುಟ್ಟೋರು ಯಾರು."

ಮೊದಲ ಸಲ ಅವಳನ್ನು ಕರೆದೊಯ್ಯುವಾಗ ತೊಟ್ಟಿ ಕಂಡ ಕೂಡಲೇ ಎಡಗೈಯನ್ನು ಸ್ಟೇರಿಂಗಿಗೆ ಬಿಗಿಯಾಗಿ ಹಿಡಿದುಕೊಂಡ. ಎರಡನೇ ಸಲವೂ ಹಾಗೇ. ಅವಳು ಕಿಟಕಿ ಮುಚ್ಚಿದ ತಂಪಿನಲ್ಲಿ, ಕಾಲ ಬಳಿ ಗುಂಯ್‌ಗುಡುವ ಮೆಷಿನ್ನಿಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಆ ದಾರಿಯಲ್ಲಿ ಅವಳು ಹೊರಗೆ ನೋಡಿ ಎಷ್ಟು ಕಾಲವಾಗಿತ್ತೋ. "ಇಲ್ಲೊಂದು ಗೇಟು ಇತ್ತಲ್ರೀ, ನೀಲಿ ಬಣ್ಣದ್ದು" ಎಂದಳು. ಮಾಡಿಸಿದ್ದು ಸಾರ್ಥಕವಾಯಿತು ಅಂದುಕೊಂಡ. ಆಮೇಲಾಮೇಲೆ ತೊಟ್ಟಿ ಬಂದಾಗ ಕೈ ಬಿಗಿಹಿಡಿಯುವುದನ್ನು ಮರೆತ. ಅದು ನೆನಪಿಡಬೇಕಾದ ಸಂಗತಿ ಅಂತಲೂ ಅನಿಸಲಿಲ್ಲ.

ಆ ದಿನ ಬಿಸಿಲು ಸುಡುತ್ತಿತ್ತು. ತೊಟ್ಟಿಗಿಂತ ಸ್ವಲ್ಪ ಕೆಳಗೆ ಒಂದು ಹೊಸ ಟ್ಯಾಕ್ಸಿ ಮುಂದೆ ಹೋಗುತ್ತಿತ್ತು. ಅವನು ಅದನ್ನು ಹಿಂದೆ ಹಾಕಿದ. ಆ ಏರಿನಲ್ಲಿ ಇನ್ನೊಬ್ಬನನ್ನು ಹಿಂದೆ ಹಾಕಿದ್ದು ಅವನ ಆಯಸ್ಸಿನಲ್ಲೇ ಮೊದಲು. ಆ ಡ್ರೈವರ್ ಸ್ಟ್ಯಾಂಡಿನವನೇ, ಹಾರ್ನ್ ಒತ್ತಿ ಕೈ ಬೀಸಿದ. ಇವನೂ ಕೈ ಬೀಸಿ, ಗೇರ್ ಬದಲಿಸಿ, ತಿರುವು ತೆಗೆದುಕೊಂಡ. ಎಡಗೈ ಗೇರಿನಿಂದ ಸ್ಟೇರಿಂಗಿಗೆ ಹಿಂತಿರುಗುವಾಗ, ಇಪ್ಪತ್ತು ವರ್ಷ ಮಾಡಿದ್ದನ್ನು ಮಾಡಿತು.

ಗಾಡಿ ಇನ್ನಷ್ಟು ಚುರುಕಾಗಿ ಮುಂದೆ ಜಿಗಿಯಿತು. ಎಸಿಯ ಹೊರೆ ಇಳಿದರೆ ಯಾವ ಗಾಡಿಯೂ ಜಿಗಿಯುತ್ತದೆ. ಇವನು ಅದನ್ನು ಲ್ಯಾಪ್‌ಟಾಪಿನವನ ಲೆಕ್ಕಕ್ಕೆ ಹಾಕಿದ. "ನೋಡ್ದೇನೇ" ಎಂದ, "ಹೆಂಗೆ ಎಳೀತಿದೆ ನೋಡ್ದೇನೇ." ಗಾಡಿಯ ಒಳಗೆ ಬಿಸಿ ಏರತೊಡಗಿತು. ಅದೂ ಅವನಿಗೆ ತಿಳಿಯಲಿಲ್ಲ. ಆ ತಿರುವಿನಿಂದ ಮುಂದೆ ಬಿಸಿಯಾಗುವುದೇ ಅವನ ಮೈಗೆ ಗೊತ್ತಿದ್ದ ಸಹಜ ಸ್ಥಿತಿ. ಇಂಜಿನ್ನಿನ ಆರ್ಭಟದಲ್ಲಿ ಮೆಷಿನ್ನಿನ ಗುಂಯ್‌ಕಾರ ನಿಂತದ್ದೂ ಕೇಳಿಸಲಿಲ್ಲ. ಅದರ ಬಾಯನ್ನಂತೂ ಮೊದಲೇ ಮುಚ್ಚಿಸಿದ್ದರು.

ಸೀಟಿನ ಬೆನ್ನಿಗೆ ಅವಳು ತಟ್ಟಿದಳು.

ಅವನು ನಕ್ಕ. "ಹೆದರ್ಬೇಡ್ವೇ, ಗಾಡಿ ಹಿಡಿತದಲ್ಲೇ ಇದೆ" ಎಂದ.

ಮತ್ತೆ ತಟ್ಟಿದಳು, ಜೋರಾಗಿ. ಕನ್ನಡಿಯಲ್ಲಿ ನೋಡಿದ. ಮುಂದಕ್ಕೆ ಬಾಗಿದ ಅವಳ ತಲೆಯ ಬೈತಲೆ ಮಾತ್ರ ಕಾಣಿಸಿತು. ಅಷ್ಟರಲ್ಲಿ ಎದುರಿನಿಂದ ಬಸ್ಸು ಬಂತು, ಕಣ್ಣು ರಸ್ತೆಗೆ ಹೋಯಿತು. "ಇನ್ನೇನು ಬಂದೇಬಿಡ್ತು, ಕಣ್ಣು ಮುಚ್ಕೊಂಡು ಕೂತ್ಕೋ" ಎಂದ. ಯಾವತ್ತೂ ಅವಳು ತಟ್ಟಿದರೆ ಕಾಲು ಸಡಿಲಿಸುತ್ತಿದ್ದವನು, ಅವತ್ತು ಬೇಗ ಮುಟ್ಟಿಸಿಬಿಡೋಣ ಎಂದು ಇನ್ನೂ ಒತ್ತಿದ. ಇನ್ನೊಂದು ಸಲ ತಟ್ಟಿದ ಹಾಗಾಯಿತು, ಮೆತ್ತಗೆ. ಆಮೇಲೆ ತಟ್ಟಲಿಲ್ಲ. ಹೆದರಿಕೆ ಹೋಯಿತೇನೋ ಅಂದುಕೊಂಡ.

ಆಸ್ಪತ್ರೆಯ ಗೇಟಿನ ಹತ್ತಿರ ಏರು ಮುಗಿಯಿತು. ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು, ಮೇಲೆತ್ತಲು. ಮೇಲೆತ್ತಿತು ಕೂಡ. ಹಿಂದಿನ ಸೀಟಿನಲ್ಲಿ ಮೆಷಿನ್ನು ಗುಂಯ್ ಎಂದು ಶುರುವಾಯಿತು.

ಅದು ಶುರುವಾದ ಸದ್ದು ಕೇಳಿಯೇ ಅವನಿಗೆ ಅದು ನಿಂತಿತ್ತೆಂದು ತಿಳಿದದ್ದು. ಗಾಡಿಯನ್ನು ಗೇಟಿನಲ್ಲೇ ಬಿಟ್ಟು ಇಳಿದು ಹಿಂದಿನ ಬಾಗಿಲು ತೆಗೆದ. ಅವಳು ಮುಂದಿನ ಸೀಟಿಗೆ ಹಣೆ ಆನಿಸಿಕೊಂಡಿದ್ದಳು. ತುಟಿ ನೇರಳೆಯಾಗಿತ್ತು. ಕಾವಲುಗಾರ ಓಡಿಬಂದ, ನರ್ಸುಗಳು ಸ್ಟ್ರೆಚರ್ ತಂದರು. ಅವಳನ್ನು ಒಳಗೆ ಒಯ್ದ ಮೇಲೂ ಕಾರಿನಲ್ಲಿ ಮೆಷಿನ್ನು ಓಡುತ್ತಲೇ ಇತ್ತು, ಸೀಟಿನ ಮೇಲೆ ಬಿದ್ದಿದ್ದ ನಳಿಕೆಯ ತುದಿಯಿಂದ ಗಾಳಿ ಹೋಗುತ್ತಲೇ ಇತ್ತು.

ಡಾಕ್ಟರಮ್ಮ ಹೊರಗೆ ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಪುಪ್ಪುಸ ಬಹಳ ಹಾಳಾಗಿತ್ತು, ಇವತ್ತಲ್ಲ ನಾಳೆ ಆಗುವುದೇ, ನೀವು ಕೈಲಾದದ್ದನ್ನೆಲ್ಲ ಮಾಡಿದಿರಿ ಎಂದರು. ಅವನು ತನ್ನ ಕೈಯನ್ನೇ ನೋಡಿಕೊಂಡ.

ಹೆಣ್ಣಿನ ಕಡೆಯವರು ರೀಮ್ಯಾಪಿನ ಮೇಲೆ ಗೂಬೆ ಕೂರಿಸಿದರು. ಮುದಿ ಗಾಡಿಗೆ ಶೋಕಿ ಮಾಡಿಸಿದ, ಆ ವೇಗಕ್ಕೆ ಅವಳ ಎದೆ ಒಡೆಯಿತು ಅಂದರು. ಅವನು ಎದುರಾಡಲಿಲ್ಲ. ಅನ್ನಲಿ ಬಿಡು ಅನಿಸಿತು. ಅವರು ಬೈಯುತ್ತಿದ್ದದ್ದು ಕಡಿಮೆಯೇ ಆಯಿತಲ್ಲ ಅಂತಲೂ ಅನಿಸಿತು.

ಎಲ್ಲ ಮುಗಿದ ಮೇಲೆ ಭಾವಮೈದ ಇನ್ವರ್ಟರ್ ಬಿಚ್ಚಲು ಬಂದ. ಸೊರಗಿ ಅರ್ಧವಾಗಿದ್ದ. ಬಿಚ್ಚುವ ಬದಲು ಮೆಷಿನ್ನಿಗೆ ವೈರು ಸಿಕ್ಕಿಸಿ ಓಡಿಸಿ ನೋಡಿದ. ನಿಲ್ಲಿಸಿದ, ಮತ್ತೆ ಓಡಿಸಿದ. ವೈರಿನ ಒಂದೊಂದು ಜೋಡಣೆಯನ್ನೂ ಎಳೆದೆಳೆದು ನೋಡಿದ. ಕೊನೆಗೆ ಕಾರಿನ ನೆಲದ ಮೇಲೆಯೇ ಕೂತುಬಿಟ್ಟ.

"ನಿಜ ಹೇಳಿ ಭಾವ. ದಾರೀಲಿ ಮೆಷಿನ್ ನಿಂತಿತ್ತಾ?"

ಅವನು ಬಾನೆಟ್ಟಿನ ಕಡೆಗೆ ತಿರುಗಿದ.

"ನನ್ನ ಜಾಯಿಂಟೇ ಬಿಟ್ಟಿರತ್ತೆ. ಅವಸರದಲ್ಲಿ ಸುತ್ತಿದ್ದೆ, ಬೆಸುಗೆ ಹಾಕ್ಲಿಲ್ಲ. ಅಕ್ಕನ್ನ ನಾನೇ ಕೊಂದೆ ಅಲ್ವಾ? ಕಣ್ಣು ಮುಚ್ಚಿದ್ರೆ ಅದೇ ವೈರು ಕಾಣ್ಸತ್ತೆ ಭಾವ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿದ್ದರೂ ಸಾಕಿತ್ತು. ಅವನಿಗೆ ಆ ಆಸೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾನೆಟ್ಟಿಗೆ ಒರಗಿ ನಿಂತ.

"ನಿನ್ನ ವೈರು ಸರಿಯಾಗೇ ಇತ್ತು ಕಣೋ" ಎಂದ. "ನಾನೇ ಒತ್ತಿದೆ. ತೊಟ್ಟಿ ತಿರುವಲ್ಲಿ."

ಭಾವಮೈದ ಅವನ ಮುಖವನ್ನು ನೋಡಿದ, ಆಮೇಲೆ ಸ್ವಿಚ್ಚನ್ನು ನೋಡಿದ. "ಆ ಲೈನಿಗೆ ಕೊಟ್ಟೋನು ನಾನೇ ಅಲ್ವಾ" ಎಂದ ಕೊನೆಗೆ, ಯಾರಿಗೂ ಹೇಳದವನ ಹಾಗೆ. ಇಕ್ಕಳ ತೆಗೆದು ಸ್ವಿಚ್ಚನ್ನು ಬುಡಸಮೇತ ಕತ್ತರಿಸಿ ಜೇಬಿಗೆ ಹಾಕಿಕೊಂಡ. ತೂತಿಗೆ ಕಪ್ಪು ಟೇಪು ಅಂಟಿಸಿದ. ಹೋಗುವಾಗ ಬರ್ತೀನಿ ಭಾವ ಎನ್ನಲಿಲ್ಲ. ಆಮೇಲಿಂದ ಸ್ಟ್ಯಾಂಡಿನಲ್ಲಿ ಎದುರಾದರೆ ತಲೆ ಆಡಿಸುತ್ತಾನೆ, ಅಷ್ಟೇ.

ಅವಳು ತಟ್ಟಿದ್ದನ್ನು ಮಾತ್ರ ಇವನು ಅವನಿಗೂ ಹೇಳಲಿಲ್ಲ. ಯಾರಿಗೂ ಹೇಳಿಲ್ಲ.

ಹೊಟ್ಟೆಪಾಡು ಬಿಡುತ್ತದೆಯೇ, ಗಾಡಿ ಓಡಿಸಲೇಬೇಕು. ಇಂಜಿನ್ನಿಗೆ ಏನೂ ಆಗಿಲ್ಲ. ಟರ್ಬೊ, ಕ್ಲಚ್ಚು, ಎಲ್ಲರೂ ಹೆದರಿದ್ದ ಒಂದೊಂದೂ ಇವತ್ತಿಗೂ ಕಲ್ಲುಗುಂಡಿನ ಹಾಗಿವೆ. ತೊಟ್ಟಿ ತಿರುವಿನಲ್ಲಿ ಅವನ ಎಡಗೈ ಈಗಲೂ ಆ ಟೇಪಿನವರೆಗೆ ಹೋಗಿ ಹಿಂತಿರುಗುತ್ತದೆ.

ಮೊನ್ನೆ ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಗಟ್ಟಿಮುಟ್ಟಾದ ಅಜ್ಜಿ, ತಂಗಿಯನ್ನು ನೋಡಲು ಹೊರಟವಳು. ಗಾಡಿ ತೊಟ್ಟಿ ದಾಟಿ ಏರುತ್ತಿದ್ದಾಗ ಅವಳು ಅವನ ಸೀಟಿನ ಬೆನ್ನಿಗೆ ಮೆಲ್ಲಗೆ ತಟ್ಟಿದಳು.

ಅವನು ನಡು ಏರಿನಲ್ಲೇ ಬ್ರೇಕ್ ಒತ್ತಿದ. ಹಿಂದಿನ ಗಾಡಿ ಕಿರುಚಿಕೊಂಡು ನಿಂತಿತು. ಇವನು ಬಾಗಿಲು ಬೀಸಿ ಇಳಿದು, ಓಡಿಬಂದು, ಹಿಂದಿನ ಬಾಗಿಲು ತೆಗೆದು ಅಜ್ಜಿಯ ಎರಡೂ ಕೈ ಹಿಡಿದು ಅವಳ ತುಟಿಯನ್ನೇ ನೋಡುತ್ತ ನಿಂತ. ಉಸಿರು ಸಿಗದೆ ತೇಕುತ್ತಿದ್ದವನು ಅವನೇ.

"ಏನಾಯ್ತಮ್ಮ? ಏನ್ ಬೇಕು? ಹೇಳಮ್ಮ, ಏನ್ ಬೇಕು?"

ಅಜ್ಜಿ ಗಾಬರಿಯಾಗಿ ಹಿಂದೆ ಸರಿದಳು. "ಏನಿಲ್ಲಪ್ಪ" ಎಂದಳು. "ಸ್ವಲ್ಪ ನಿಧಾನ ಹೋಗು ಅಂತ ಅಷ್ಟೇ."